ಇಪ್ಪತ್ತೈದು ನಿಮಿಷ ಬಾಗಿಲು ತೆರೆಯಬಾರದು

"ಇದನ್ನ ತಿನ್ನಿ!"

ಬೀದಿಯ ತುದಿಯಲ್ಲಿ ನಿಂತಿದ್ದ ಗ್ಯಾಸಿನವರ ವ್ಯಾನಿನ ಮೂತಿಯ ಮೇಲೆ ತಗಡಿನ ತಟ್ಟೆಯೊಂದು ಧಡಾರನೆ ಬಿತ್ತು.

ಚಹಾ ಕುಡಿಯುತ್ತಿದ್ದ ಮೂವರು ಕೆಲಸಗಾರರು ಲೋಟ ಹಿಡಿದದ್ದು ಹಿಡಿದ ಹಾಗೇ ನಿಂತುಬಿಟ್ಟರು. ತಟ್ಟೆಯಲ್ಲಿ ಒಂದು ಪುಡ್ಡಿಂಗ್, ಭಾನುವಾರದ ಊಟಕ್ಕೆ ಹಿಟ್ಟು, ಮೊಟ್ಟೆ, ಹಾಲು ಕಲಸಿ ಬೇಯಿಸುವಂಥದ್ದು. ಅಂಚು ಸುಟ್ಟು, ನಡುವೆ ಹಸಿಹಸಿಯಾಗಿ, ತಳಕ್ಕೆ ಕಚ್ಚಿಕೊಂಡು ಚಪ್ಪಟೆಯಾಗಿ ಮಲಗಿತ್ತು. ಅದರ ಮುಂದೆ ಮೇವಿಸ್ ಹಾಲ್‌ರಾಯ್ಡ್. ಮಧ್ಯಾಹ್ನದ ಬಿಡುವಿನಲ್ಲಿ ಮಿಲ್ಲಿನಿಂದ ಓಡಿ ಬಂದವಳು ಏಪ್ರನ್ ಕೂಡ ಬಿಚ್ಚಿರಲಿಲ್ಲ. ಕೂದಲಲ್ಲಿ ಉಣ್ಣೆಯ ನವಿರು ಹಾಗೇ ಅಂಟಿತ್ತು.

"ಹದಿನೇಳನೇ ನಂಬರ್ ಮನೆಗೆ ಹೊಸ ಗ್ಯಾಸ್ ಜೋಡಿಸಿದ್ದು ನಿಮ್ಮಲ್ಲಿ ಯಾರು?"

ಒಬ್ಬ ತಟ್ಟೆಗೆ ಬಗ್ಗಿ ನೋಡಿದ. "ಯಾಕಮ್ಮಾ, ಬೂಟಿಗೆ ಅಟ್ಟೆ ಹಾಕಿಸ್ಬೇಕಿತ್ತಾ? ಇದು ಗಟ್ಟಿಯಾಗೇ ಇದೆಯಲ್ಲ!"

ಉಳಿದವರು ಗೊಳ್ಳೆಂದು ನಕ್ಕರು. ಮೇವಿಸಳ ಮುಖ ಕೆಂಪಾಯಿತು.

ವ್ಯಾನಿನ ಹಿಂದಿನಿಂದ ಎತ್ತರದ ಆಳೊಬ್ಬ ಕೈ ಒರೆಸಿಕೊಳ್ಳುತ್ತ ಬಂದ. ಅವನೊಬ್ಬನೇ ನಗಲಿಲ್ಲ.

"ನಾನೇ. ನೆವಿಲ್ ಗಾಂಟ್ ಅಂತ."

"ನೋಡಿ, ಮಿಸ್ಟರ್ ಗಾಂಟ್! ಈ ತಟ್ಟೇಲಿ ನಮ್ಮಮ್ಮನ ಪುಡ್ಡಿಂಗ್ ಒಂದು ಗೇಣು ಏಳ್ತಿತ್ತು. ನಲವತ್ತು ವರ್ಷ! ಒಂದು ಭಾನುವಾರ ತಪ್ಪಿಲ್ಲ. ಬುಧವಾರ ನೀವು ಬಂದು ನಮ್ಮ ಓವನ್ ಮುಟ್ಟಿದ್ರಿ. ನಿನ್ನೆ ಹೀಗಾಯ್ತು!"

ಅವನು ತಟ್ಟೆಯನ್ನು ಎತ್ತಿಕೊಂಡ. ಹೆಬ್ಬೆರಳಿನಿಂದ ಒಂದು ಮೂಲೆಯ ಹಿಟ್ಟನ್ನು ಸರಿಸಿದ. ಮೇ ತಿಂಗಳ ಬಿಸಿಲಿಗೆ ತಗಡು ಬೆಳ್ಳಿಯ ಹಾಗೆ ಹೊಳೆಯಿತು.

ಅವನ ಹೆಬ್ಬೆರಳು ಅಲ್ಲೇ ನಿಂತಿತು.

ತಲೆಯೆತ್ತಿ ಅವಳನ್ನು ನೋಡಿದ. ಅವಳ ಕೊರಳಿನ ಕಪ್ಪು ಸ್ಕಾರ್ಫ್ ನೋಡಿದ.

"ನಿಮ್ಮಮ್ಮ ಈಗ...?"

"ಜನವರೀಲಿ ಹೋಗ್ಬಿಟ್ಲು."

ನೆವಿಲ್ ಬಾಯಿ ತೆರೆದವನು ಮುಚ್ಚಿಕೊಂಡ. ಏನೋ ಒಂದು ಮಾತು ತುಟಿಯವರೆಗೆ ಬಂದು ಹಿಂದೆ ಹೋದದ್ದು ಮೇವಿಸಳಿಗೆ ಕಾಣಿಸಿತು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸದ ಮಿಲ್ಲಿನಲ್ಲಿ ಬೆಳೆದವಳು ಅವಳು. ತುಟಿ ಓದುವುದು ಅವಳಿಗೆ ಉಸಿರಾಟದಷ್ಟೇ ಸಹಜ. ಆದರೆ ಹುಟ್ಟದೇ ಹೋದ ಮಾತನ್ನು ಯಾರು ತಾನೇ ಓದಬಲ್ಲರು?

"ಸಂಜೆ ಬಂದು ನೋಡ್ತೀನಿ, ಮಿಸ್ ಹಾಲ್‌ರಾಯ್ಡ್," ಎಂದಷ್ಟೇ ಹೇಳಿದ.

* * *

ಆ ವರ್ಷ, ಎಪ್ಪತ್ತೆರಡರಲ್ಲಿ, ನಮ್ಮ ಕಣಿವೆಯ ಎಲ್ಲ ಮನೆಗಳಿಗೂ ಸಮುದ್ರದ ತಳದ ಹೊಸ ಗ್ಯಾಸ್ ಬಂತು. ಬೀದಿ ಬೀದಿಗೆ ತಂಡ ಇಳಿದು, ಹಳೆಯ ಒಲೆಗಳ ಬರ್ನರ್ ಬದಲಿಸಿ ಮುಂದಿನ ಊರಿಗೆ ಹೋಗುತ್ತಿತ್ತು. ಚಹಾ ಕಹಿಯಾದರೂ, ಬ್ರೆಡ್ ಹೊತ್ತಿದರೂ ಜನ ಗ್ಯಾಸಿನವರನ್ನೇ ಬೈಯುತ್ತಿದ್ದರು.

ಆದರೆ ಮೇವಿಸಳದು ಬರೀ ಬೈಗುಳವಲ್ಲ.

ಅವಳ ಅಪ್ಪ ವಿಲ್ಫ್ರೆಡ್ ನಲವತ್ತೈದು ವರ್ಷ ಮಗ್ಗಗಳನ್ನು ರಿಪೇರಿ ಮಾಡಿದವರು. ಆ ಸದ್ದಿಗೆ ಕಿವಿ ಹೋಗಿತ್ತು. ಹೆಂಡತಿ ಏಡಾ ತೀರಿಕೊಂಡ ಮೇಲೆ ಮಾತೂ ಹೋಯಿತು. ಕೊಟ್ಟದ್ದನ್ನು ತಿನ್ನುತ್ತಿದ್ದರು, ಕಿಟಕಿಯ ಹೊರಗೆ ನೋಡುತ್ತಿದ್ದರು. ಭಾನುವಾರ ತಣ್ಣನೆಯ ಮಾಂಸ, ಬ್ರೆಡ್. ಅಷ್ಟೇ.

ಈಸ್ಟರ್ ಆದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಕೇಳಿದ್ದರು.

"ಮೇ ಏಳನೇ ತಾರೀಕು ಭಾನುವಾರ ಬರುತ್ತೆ. ಅಮ್ಮನ ಹುಟ್ಟಿದ ದಿನ. ಪುಡ್ಡಿಂಗ್ ಮಾಡ್ತೀಯಾ, ಮಗಳೇ?"

ಮೂರು ತಿಂಗಳಲ್ಲಿ ಅವರು ಕೇಳಿದ್ದು ಅದೊಂದೇ.

ಅಮ್ಮ ಹಾಸಿಗೆಯಲ್ಲಿ ಮಲಗಿಕೊಂಡೇ ಎಲ್ಲ ಹೇಳಿಕೊಟ್ಟಿದ್ದಳು. ಹಿಟ್ಟನ್ನು ಬೆಳಿಗ್ಗೆಯೇ ಕಲಸಿ ಬಿಡಬೇಕು. ತಟ್ಟೆಯಲ್ಲಿ ಮಾಂಸದ ಕೊಬ್ಬು ಹೊಗೆಯಾಡುವಷ್ಟು ಕಾಯಬೇಕು. ಹಿಟ್ಟು ಬಿದ್ದಾಗ ಸುಂಯ್ ಅನ್ನಬೇಕು. ಆಮೇಲೆ ಇಪ್ಪತ್ತೈದು ನಿಮಿಷ ಓವನ್ ಬಾಗಿಲೂ ತೆರೆಯಬಾರದು, ಮನೆ ಬಾಗಿಲೂ ತೆರೆಯಬಾರದು. ತಣ್ಣನೆಯ ಗಾಳಿ ಸೋಕಿದರೆ ಪುಡ್ಡಿಂಗ್ ಕುಸಿಯುತ್ತದೆ. ಒಮ್ಮೆ ಪಾದ್ರಿಗಳನ್ನೇ ಹಿಮದಲ್ಲಿ ನಿಲ್ಲಿಸಿದವಳು ಏಡಾ!

ಏಳನೇ ತಾರೀಕು ಮೇವಿಸ್ ಎಲ್ಲವನ್ನೂ ಹಾಗೇ ಮಾಡಿದಳು. ಅಪ್ಪ ಕೋಟು ಹಾಕಿ, ಟೈ ಕಟ್ಟಿಕೊಂಡು ಮೇಜಿಗೆ ಬಂದು ಕೂತಿದ್ದರು. ಮಾಂಸಕ್ಕಿಂತ ಮೊದಲು ಪುಡ್ಡಿಂಗ್ ಒಂದನ್ನೇ, ಈರುಳ್ಳಿ ಗ್ರೇವಿ ಸುರಿದು ಬಡಿಸುವುದು ನಮ್ಮ ಕಡೆಯ ಪದ್ಧತಿ. ಅವರು ಒಂದು ತುಂಡು ಕತ್ತರಿಸಿದರು. ಅಗಿದರು. ಪುಡ್ಡಿಂಗ್ ಕತ್ತರಿಸಿದ ಜಾಗದಲ್ಲಿ ಕಂಡ ತಗಡಿನ ತಳವನ್ನೇ ನೋಡಿದರು.

ಫೋರ್ಕ್ ಕೆಳಗಿಟ್ಟು, ತಾವು ಕೂತಿದ್ದ ಕುರ್ಚಿಯನ್ನು ಹೊತ್ತುಕೊಂಡು ಮೇಲಿನ ಕೋಣೆಗೆ ಹೋಗಿಬಿಟ್ಟರು.

ಅವಳಿಗೆ ಇನ್ನೇನೂ ಬೇಕಿರಲಿಲ್ಲ. ಆ ಕುರ್ಚಿ ಮತ್ತೆ ಕೆಳಗೆ ಬರಬೇಕಿತ್ತು, ಅಷ್ಟೇ.

* * *

ಸೋಮವಾರ ಸಂಜೆ ನೆವಿಲ್ ಬಂದ. ಓವನ್ನಿನೊಳಗೆ ಥರ್ಮಾಮೀಟರ್ ಇಟ್ಟ. ಬೆಂಕಿಯ ಬಣ್ಣ ನೋಡಿದ. ಎರಡು ಸಲ, ಮೂರು ಸಲ. ಎಲ್ಲವೂ ಸರಿಯಾಗಿತ್ತು. ಅದು ಅವನಿಗೆ ಮಧ್ಯಾಹ್ನವೇ ಗೊತ್ತಿತ್ತು.

"ಈ ತಟ್ಟೆ... ಇಷ್ಟು ಹೊಳೆಯುತ್ತಲ್ಲ?" ಎಂದು ನಿಧಾನವಾಗಿ ಕೇಳಿದ.

ಮೇವಿಸಳ ಮುಖದಲ್ಲಿ ಮೊದಲ ಸಲ ಸ್ವಲ್ಪ ಬೆಳಕು ಕಂಡಿತು. "ನಾನೇ ಉಜ್ಜಿದ್ದು. ಅಮ್ಮನ್ನ ಮಣ್ಣು ಮಾಡೋ ದಿನ ಬೆಳಿಗ್ಗೆ. ಕೊನೆಕೊನೆಗೆ ಪಾಪ ಅವಳ ಕೈಲಿ ಆಗ್ತಿರ್ಲಿಲ್ಲ ಅನ್ಸುತ್ತೆ, ಕರ್ರಗೆ ಮಸಿ ಹಿಡಿದಿತ್ತು. ನೆಂಟರೆಲ್ಲ ಬರೋರು, ಅಮ್ಮನ್ನ ಏನಂದ್ಕೋತಾರೆ? ಸೋಡಾ ಹಾಕಿ, ತಂತಿ ನಾರು ಹಿಡಿದು ಎರಡು ಗಂಟೆ ಉಜ್ಜಿದೆ. ನೋಡಿ, ಹೊಸದರ ಹಾಗಿದೆ. ಅಮ್ಮನಿಗೆ ಅಂತ ನಾನು ಮಾಡಿದ್ದು ಅದೊಂದೇ..."

ನೆವಿಲ್ ತಲೆ ತಗ್ಗಿಸಿದ.

ಅದು ಮಸಿಯಲ್ಲ. ಒಂದೊಂದು ಭಾನುವಾರದ ಕೊಬ್ಬೂ ತಗಡಿಗೆ ಹತ್ತಿ, ಸುಟ್ಟು, ಪದರ ಪದರವಾಗಿ ಕೂತ ಕಪ್ಪು ಅದು. ಪಳಗಿದ ತಟ್ಟೆಯಲ್ಲಿ ಮಾತ್ರ ಹಿಟ್ಟು ಅಂಟದೆ ಜಾರಿ ಮೇಲೇರುತ್ತದೆ. ಅಂಥ ತಟ್ಟೆಗೆ ಯಾರೂ ನೀರು ಸೋಕಿಸುವುದಿಲ್ಲ. ಹಳೆಯ ಪತ್ರಿಕೆಯಲ್ಲಿ ಒರೆಸಿಡುತ್ತಾರೆ. ಏಡಾ ಅದೊಂದನ್ನು ಮಗಳಿಗೆ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಅಂತಲೇ ಅವಳಿಗೆ ಹೊಳೆದಿರಲಿಕ್ಕಿಲ್ಲ. ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಚರ್ಚಿಗೆ ಹೋಗಿರುತ್ತಿದ್ದರು. ಅಡುಗೆಮನೆಯಲ್ಲಿ ಅಮ್ಮ ಒಬ್ಬಳೇ.

'ಇವಳಿಗೆ ಹೇಗೆ ಹೇಳಲಿ?' ನೆವಿಲ್ ಥರ್ಮಾಮೀಟರನ್ನು ಒರೆಸಿ ಡಬ್ಬಿಗೆ ಹಾಕಿದ. 'ಪ್ರೀತಿಯಿಂದ ಮಾಡಿದ ಒಂದೇ ಒಂದು ಕೆಲಸ... ಅದರಲ್ಲೇ ಅಮ್ಮನ ನಲವತ್ತು ವರ್ಷ ಉಜ್ಜಿ ಹಾಕಿಬಿಟ್ಟೆ ಅಂತ ಹೇಗೆ ಹೇಳಲಿ?'

"ಓವನ್ನಲ್ಲಿ ಸಣ್ಣ ದೋಷ ಇದೆ," ಎಂದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಕಿವಿ ಕೆಂಪಾಯಿತು. "ಒಂದೇ ಸಲಕ್ಕೆ ಸರಿ ಹೋಗಲ್ಲ. ವಾರ ವಾರ ಸ್ವಲ್ಪ ಸ್ವಲ್ಪ ತಿದ್ದಬೇಕು. ಈ ತಟ್ಟೆ ನನ್ನ ಹತ್ರ ಇರ್ಲಿ. ಅಳತೆಗೆ ಬೇಕು."

"ಅದು ನಮ್ಮಮ್ಮಂದು."

"ಗೊತ್ತು," ಎಂದ ನೆವಿಲ್. "ಜೋಪಾನ ಮಾಡ್ತೀನಿ."

* * *

ಶನಿವಾರ ತಟ್ಟೆ ತಂದ. ಬೆಳ್ಳಿಯಂತಿದ್ದದ್ದು ಕಂದು ಬಣ್ಣಕ್ಕೆ ತಿರುಗಿತ್ತು.

"ಅಯ್ಯೋ! ಏನ್ರೀ ಇದು, ಕೊಳೆ ಮಾಡ್ಕೊಂಡು ಬಂದಿದೀರಿ!"

"ಉಜ್ಜಬೇಡಿ! ಅಳತೆ ತಪ್ಪುತ್ತೆ."

"ಗಂಡಸರ ಕೈಗೆ ಪಾತ್ರೆ ಕೊಟ್ರೆ ಇದೇ ಗತಿ," ಎಂದು ಗೊಣಗಿದಳು. ಆದರೂ ಉಜ್ಜಲಿಲ್ಲ.

ಭಾನುವಾರ ಹಿಟ್ಟು ಓವನ್ನಿಗೆ ಹೋದ ಮೇಲೆ ಅವನು ವ್ಯಾನಿನಿಂದ ಏನೋ ತರಲು ಎದ್ದ.

"ಕೂತ್ಕೊಳ್ಳಿ!" ಮೇವಿಸ್ ಬಾಗಿಲಿಗೆ ಅಡ್ಡ ನಿಂತಳು. "ಪುಡ್ಡಿಂಗ್ ಒಳಗಿದೆ!"

"ನಮ್ಮಮ್ಮನೂ ಹೀಗೇ," ಎಂದು ನೆವಿಲ್ ಮೆತ್ತಗೆ ಕೂತ. "ಪುಡ್ಡಿಂಗ್ ಒಳಗಿರೋವಾಗ ಮನೆಗೆ ಬೆಂಕಿ ಬಿದ್ರೂ ನಾವು ಒಳಗೇ ಬೇಯ್ಬೇಕಿತ್ತು."

ಅವಳಿಗೆ ನಗು ಬಂತು. ಜನವರಿಯಿಂದೀಚೆಗೆ ಅದು ಮೊದಲ ನಗು. ನಕ್ಕದ್ದಕ್ಕೆ ತಾನೇ ಬೆಚ್ಚಿ ಕಿಟಕಿಯ ಕಡೆ ತಿರುಗಿಕೊಂಡಳು.

ಆ ದಿನ ಪುಡ್ಡಿಂಗ್ ಒಂದು ಬೆರಳು ಎದ್ದಿತು. ಒಂದು ತುಂಡನ್ನು ಊಟದ ತಟ್ಟೆಗೆ ಹಾಕಿ ಮೇಲಿನ ಕೋಣೆಗೆ ಒಯ್ದಳು. ಅಪ್ಪ ತಲೆ ತಿರುಗಿಸಲಿಲ್ಲ. ಹಿಂದೆಯೇ ಬಂದ ನೆವಿಲ್ ಅವರ ಎದುರು ಕುಕ್ಕರಗಾಲಲ್ಲಿ ಕೂತು, ದನಿಯಿಲ್ಲದೆ, ತುಟಿಯನ್ನಷ್ಟೇ ಸ್ಪಷ್ಟವಾಗಿ ಆಡಿಸಿದ.

'ಗ್ಯಾಸಿನವನು ನಾನೇ. ಬೈಯೋದಿದ್ರೆ ಬೈದುಬಿಡಿ, ಮಿಸ್ಟರ್ ಹಾಲ್‌ರಾಯ್ಡ್.'

ಮಗ್ಗಗಳ ಅಬ್ಬರದಲ್ಲಿ ನೇಕಾರರು ಆಡುವ ಭಾಷೆ ಅದು. ಅಪ್ಪನ ಕಣ್ಣು ಚುರುಕಾಯಿತು.

"ಇದೆಲ್ಲಿ ಕಲಿತೆಯೋ?" ಒಡಕು ದನಿಯಲ್ಲಿ ಕೇಳಿದರು.

'ಬ್ಯಾಟ್ಲಿಯಲ್ಲಿ. ನಮ್ಮಮ್ಮ ನೇಯ್ತಿದ್ಲು. ಮನೇಲಿ ಬೈಗುಳ ಎಲ್ಲಾ ಹೀಗೇ. ಪಕ್ಕದ ಮನೆಯವರಿಗೆ ನಾವು ಭಾರಿ ಸಭ್ಯರು!'

ಅಪ್ಪ ನಗಲಿಲ್ಲ. ಆದರೆ ಫೋರ್ಕ್ ಕೈಗೆತ್ತಿಕೊಂಡರು.

ಬಾಗಿಲಲ್ಲಿ ನಿಂತಿದ್ದ ಮೇವಿಸ್ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. 'ಯಾರಿವನು? ನಮ್ಮ ಮನೆಯ ಮೌನದ ಬೀಗದ ಕೈ ಇವನ ಹತ್ತಿರ ಹೇಗೆ ಬಂತು?'

ಭಾನುವಾರ ಊಟವಾದ ಮೇಲೆ ಅಳತೆಗೆ ಅಂತ ತಟ್ಟೆ ಒಯ್ಯುವನು, ಶನಿವಾರ ಮತ್ತೆ ತರುವನು. ಮುಂದಿನ ವಾರ ಎರಡು ಬೆರಳು. ಅದರ ಮುಂದಿನ ವಾರ ಮೂರು. ವಾರಕ್ಕೆರಡು ಸಲ ಅವನ ಬೂಟಿನ ಸದ್ದು ಕೇಳುವ ಮೊದಲೇ ಅವಳ ಎದೆ ಡವಗುಟ್ಟಲು ಶುರುವಾಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ತನಗೆ ಇದೆಲ್ಲ ಏನು ಎಂದು ತನ್ನನ್ನೇ ಗದರಿಸಿಕೊಳ್ಳುತ್ತಿದ್ದಳು. ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಇಬ್ಬರೂ ಓವನ್ನಿನ ಮುಂದೆ ಇಪ್ಪತ್ತೈದು ನಿಮಿಷ ಸುಮ್ಮನೆ ಕೂತಿರುತ್ತಿದ್ದರು. ಆ ಇಪ್ಪತ್ತೈದು ನಿಮಿಷ ಅವಳ ಇಡೀ ವಾರವನ್ನು ಎತ್ತಿ ಹಿಡಿಯುತ್ತಿತ್ತು.

ಐದನೇ ಭಾನುವಾರ ಮೆಟ್ಟಿಲ ಮೇಲೆ ಏನೋ ಸದ್ದಾಯಿತು.

ಅಪ್ಪ ಕುರ್ಚಿ ಹೊತ್ತುಕೊಂಡು ಇಳಿದು ಬಂದರು! ಯಾರ ಮುಖವನ್ನೂ ನೋಡದೆ ಮೇಜಿನ ತಮ್ಮ ಜಾಗದಲ್ಲಿಟ್ಟು ಕೂತರು.

ಮೇವಿಸ್ ಹಿತ್ತಲ ಕೋಣೆಗೆ ಓಡಿದಳು. ಗೋಡೆಗೆ ಹಣೆ ಒತ್ತಿ ನಿಂತಳು. ಕಣ್ಣೀರು ಮಾತ್ರ ಬರಲಿಲ್ಲ. ಜನವರಿಯಿಂದ ಬಂದೇ ಇರಲಿಲ್ಲ. ಹಿಂದಿನಿಂದ ಒಂದು ಕರವಸ್ತ್ರ ಚಾಚಿಕೊಂಡಿತು. ಅದರಲ್ಲಿ ಗ್ಯಾಸಿನ ವಾಸನೆ, ಕಾದ ಕೊಬ್ಬಿನ ವಾಸನೆ.

"ಥ್ಯಾಂಕ್ಸ್..." ಎಂದಳು. "ಓವನ್ ಸರಿ ಮಾಡಿದ್ದಕ್ಕೆ."

ನೆವಿಲ್ ತಿರುಗಿ ಓವನ್ನಿನ ಕಡೆ ಹೋದ.

* * *

ಗ್ಯಾಸಿನವರು ಉಳಿದುಕೊಂಡಿದ್ದು ಎರಡು ಮನೆ ಆಚೆಯ ಮಿಸೆಸ್ ಕ್ರ್ಯಾಬ್‌ಟ್ರೀ ಮನೆಯಲ್ಲಿ. ಶುಕ್ರವಾರ ಸಂಜೆ ಹೊಸ್ತಿಲ ಕಲ್ಲು ಉಜ್ಜುತ್ತಿದ್ದ ಆಕೆ ಮೇವಿಸಳನ್ನು ಕಂಡು ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು.

"ಏನೇ ಮೇವಿಸ್, ನಿಮ್ಮ ಓವನ್‌ಗೆ ಇನ್ನೂ ಹುಷಾರಾಗಿಲ್ವಾ? ಡಾಕ್ಟರು ವಾರಕ್ಕೆರಡು ಸಲ ಬರ್ತಾರಪ್ಪ!"

"ಸಣ್ಣ ದೋಷ ಇದೆ ಅಂತೆ, ಆಂಟಿ."

"ದೋಷಾನಾ?" ಆಕೆ ನಕ್ಕಳು. "ಬೀದಿಗೇ ಒಳ್ಳೇ ಓವನ್ ಅಂದ್ರೆ ಹಾಲ್‌ರಾಯ್ಡ್ ಮನೇದು ಅಂತ ಮೊದಲ ದಿನಾನೇ ನಮ್ಮ ಯಜಮಾನರ ಹತ್ರ ಹೇಳಿದಾನೆ ಅವನು! ದೋಷ ಓವನ್‌ದಲ್ಲ ಕಣೇ ಹುಡುಗಿ. ಬೀದಿಗೆಲ್ಲಾ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ. ಸೋಮವಾರ ತಂಡ ಊರು ಬಿಡುತ್ತೆ. ಅಷ್ಟರಲ್ಲಿ ಏನಾದ್ರೂ ಬಾಯಿ ಬಿಟ್ನಾ ಇಲ್ವಾ?"

ಮೇವಿಸ್ ತಿರುಗಿ ಬಿರಬಿರನೆ ಮನೆಗೆ ನಡೆದಳು.

ಮೊದಲ ದಿನವೇ ಗೊತ್ತಿತ್ತು! ಹಾಗಾದರೆ ಥರ್ಮಾಮೀಟರ್, ಅಳತೆ, ತಿದ್ದುವುದು... ಎಲ್ಲ ನಾಟಕ? ಮನೆಯೊಳಗೆ ಕೂರಲು ಒಂದು ನೆಪ? ಅಮ್ಮನ ತಟ್ಟೆ, ಅಪ್ಪನ ಕುರ್ಚಿ, ಎಲ್ಲವನ್ನೂ ಆಟಕ್ಕೆ ಬಳಸಿಕೊಂಡನೇ?

ಶನಿವಾರ ಅವನು ಪತ್ರಿಕೆಯಲ್ಲಿ ಸುತ್ತಿದ ತಟ್ಟೆ ಹಿಡಿದು ಬಂದಾಗ ಅವಳು ಬಾಗಿಲಲ್ಲೇ ತಡೆದಳು.

"ಒಂದೇ ಮಾತು ಕೇಳ್ತೀನಿ. ನಮ್ಮ ಓವನ್ನಲ್ಲಿ ದೋಷ ಇತ್ತಾ?"

ಅವನು ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಇರ್ಲಿಲ್ಲ."

"ಹಾಗಾದ್ರೆ ಯಾಕೆ ಸುಳ್ಳು ಹೇಳಿದ್ರಿ?"

ಅವನು ಕೈಯಲ್ಲಿದ್ದ ಪೊಟ್ಟಣವನ್ನು ನೋಡಿದ. ತುಟಿ ಅಲುಗಿತು. ಅದೇ... ವ್ಯಾನಿನ ಪಕ್ಕ ಮೊದಲ ದಿನ ಅಲುಗಿದ್ದ ಹಾಗೆಯೇ.

"ಹೇಳಿ! ನಮ್ಮಮ್ಮನ ಸಾವು ನಿಮಗೆ ತಮಾಷೆಯಾ? ಒಳಗೆ ಬಂದು ಕೂರೋಕೆ ಒಂದು ದಾರಿಯಾ? ಬೀದಿಯವರೆಲ್ಲಾ ನನ್ನ ನೋಡಿ ನಗ್ತಿದಾರೆ, ಮಿಸ್ಟರ್ ಗಾಂಟ್!"

"ತಮಾಷೆ ಅಲ್ಲ."

"ಮತ್ತೇನು?"

ಒಂದೇ ಒಂದು ವಾಕ್ಯ ಹೇಳಿದ್ದರೆ ಅವನು ಗೆಲ್ಲುತ್ತಿದ್ದ. ಆ ವಾಕ್ಯ ಅವಳನ್ನು ಒಡೆದು ಹಾಕುತ್ತಿತ್ತು. ನೆವಿಲ್ ಪೊಟ್ಟಣವನ್ನು ಹೊಸ್ತಿಲ ಮೇಲೆ, ಮಲಗಿದ ಮಗುವನ್ನು ಇಳಿಸುವ ಹಾಗೆ ಇಟ್ಟ.

"ಉಜ್ಜಬೇಡಿ," ಎಂದ. "ಅಷ್ಟು ಮಾಡಿ."

ಹೊರಟುಹೋದ. ಸೋಮವಾರ ವ್ಯಾನೂ ಹೋಯಿತು.

* * *

ಪೊಟ್ಟಣ ಕಿಟಕಿಯ ಕಟ್ಟೆಯ ಮೇಲೆ ಹಾಗೇ ಉಳಿಯಿತು. ಅವಳು ಬಿಚ್ಚಲಿಲ್ಲ. ಎರಡು ಭಾನುವಾರ ತಣ್ಣನೆಯ ಮಾಂಸ, ಬ್ರೆಡ್. ಎರಡನೆಯ ಭಾನುವಾರ ಅಪ್ಪ ಮತ್ತೆ ಕುರ್ಚಿ ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಒಂದೊಂದು ಮೆಟ್ಟಿಲಿನ ಸದ್ದೂ ಅವಳ ಎದೆಗೆ ಬಡಿಯಿತು.

'ಅವನು ಸುಳ್ಳುಗಾರ. ಹೋಗಲಿ...' ಎಂದುಕೊಂಡಳು. ಆದರೆ ಸಂಜೆ ಆರಕ್ಕೆ ಅವಳ ಕಿವಿ ಈಗಲೂ ಬೂಟಿನ ಸದ್ದಿಗೆ ಕಾಯುತ್ತಿತ್ತು.

ಮರುದಿನ ಮಿಲ್ಲಿನಿಂದ ಬಂದಾಗ ಅಪ್ಪ ಅಡುಗೆಮನೆಯಲ್ಲಿ ನಿಂತಿದ್ದರು. ಪೊಟ್ಟಣ ಬಿಚ್ಚಿತ್ತು.

ತಟ್ಟೆ ಕಪ್ಪಗಿತ್ತು. ಅಂಚಿನಿಂದ ಅಂಚಿಗೆ ಒಂದೇ ಸಮನೆ, ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ನುಣ್ಣಗೆ, ಕಪ್ಪಗೆ.

ಅಮ್ಮನ ತಟ್ಟೆ.

"ಇದು... ಹೇಗೆ...?"

"ನಿಮ್ಮಮ್ಮ ಇದನ್ನ ಯಾವತ್ತೂ ತೊಳೆದವಳಲ್ಲ," ಎಂದರು ಅಪ್ಪ. ಬಹಳ ದಿನ ಬಳಸದ ದನಿ, ತಡೆತಡೆದು ಬಂತು. "ಪೇಪರಲ್ಲಿ ಒರೆಸಿ ಇಡ್ತಿದ್ಲು. ಕಪ್ಪಿದ್ರೇನೇ ಪುಡ್ಡಿಂಗ್ ಏಳೋದು. ಹಿಟ್ಟು ತಳಕ್ಕೆ ಕಚ್ಕೊಂಡ್ರೆ ಎಲ್ಲಿಂದ ಏಳುತ್ತೆ?"

ಮೇವಿಸ್ ತಟ್ಟೆಯನ್ನೇ ನೋಡಿದಳು. ತಂತಿ ನಾರು. ಸೋಡಾ. ಎರಡು ಗಂಟೆ. ಬಚ್ಚಲಿಗೆ ಹರಿದು ಹೋದ ಕರಿ ನೀರು...

"ನಾನೇ..." ಅವಳು ತನ್ನ ಅಂಗೈ ನೋಡಿಕೊಂಡಳು. "ನಾನೇ ಹಾಳು ಮಾಡಿದ್ದಾ, ಅಪ್ಪಾ?"

ಅಪ್ಪ ಮೆಲ್ಲಗೆ ಹೌದೆಂದು ತಲೆಯಾಡಿಸಿದರು. "ನೀನು ಉಜ್ಜುವಾಗ ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ."

"ಯಾಕೆ ತಡೀಲಿಲ್ಲ?"

"ನೀನು ಮೂರು ದಿನದಿಂದ ಅತ್ತಿರ್ಲಿಲ್ಲ. ಒಂದು ಹನಿ ಇಲ್ಲ. ಉಜ್ಜೋದನ್ನೂ ನಿಲ್ಲಿಸಿಬಿಟ್ರೆ ನೀನು ಏನಾಗ್ತೀಯೋ ಅಂತ ಭಯ ಆಯ್ತು." ಅವರು ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದರು. "ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ. ಹುಟ್ಟಿದ ದಿನ ಅಂತ ಆಸೆಬುರುಕನ ಹಾಗೆ ಕೇಳಿಬಿಟ್ಟೆ. ಆ ಹೊಳೆಯೋ ತಳ ನೋಡಿದ ಮೇಲೆ... ನಿನ್ನ ಎದುರು ಕೂತಿದ್ರೆ ಎಲ್ಲಿ ಬಾಯಿ ಬಿಡ್ತೀನೋ ಅಂತ ಮೇಲೆ ಹೋದೆ, ಮಗಳೇ. ನಿನ್ನ ಮೇಲೆ ಸಿಟ್ಟಿಗಲ್ಲ."

ಅಪ್ಪನಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಇಬ್ಬರು ಗಂಡಸರು, ಒಂದೇ ಮಾತನ್ನು, ತನ್ನಿಂದ ಮುಚ್ಚಿಡಲು...

"ಆ ಹುಡುಗ ಮೊದಲ ದಿನಾನೇ ಕಂಡುಹಿಡಿದಿರ್ತಾನೆ," ಎಂದರು ಅಪ್ಪ. "ನೇಕಾರಳ ಮಗ."

ಅಂದು ಮೇವಿಸ್ ಅತ್ತಳು. ಅಡುಗೆಮನೆಯ ನೆಲದ ಮೇಲೆ ಕೂತು, ಆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಆರು ತಿಂಗಳಿನದೆಲ್ಲ ಅತ್ತಳು. ಅಪ್ಪ ಪಕ್ಕದಲ್ಲಿ ಕೂತು ಅವಳ ತಲೆಯ ಮೇಲೆ ಕೈಯಿಟ್ಟರು. ತಡೆಯಲಿಲ್ಲ.

* * *

"ಹುಚ್ಚ ಕಣೇ ಅವನು!" ಮಿಸೆಸ್ ಕ್ರ್ಯಾಬ್‌ಟ್ರೀ ತನ್ನ ಅಡುಗೆಮನೆಯ ಛಾವಣಿ ತೋರಿಸಿದಳು. "ನೋಡು, ಹೆಂಗೆ ಹೊಗೆ ಹಿಡಿದಿದೆ! ಐದು ವಾರ ದಿನಾ ಸಂಜೆ ಕೆಲಸದಿಂದ ಬಂದು ಖಾಲಿ ತಟ್ಟೆಗೆ ಕೊಬ್ಬು ಸವರೋದು, ಓವನ್ನಲ್ಲಿ ಸುಡೋದು, ಒರೆಸೋದು, ಮತ್ತೆ ಸವರೋದು. ಉಳಿದವರೆಲ್ಲಾ ಪಬ್ಬಿಗೆ ಹೋದ್ರೆ ಇವನು ಇಲ್ಲಿ! ತನ್ನ ತಟ್ಟೆ ಅಂತ ನಾನಂದ್ಕೊಂಡಿದ್ದೆ. ಯಾರದೇ ಅದು?"

"ನಮ್ಮಮ್ಮಂದು, ಆಂಟಿ."

ಆಕೆಯ ಬಾಯಿ ತೆರೆದದ್ದು ಹಾಗೇ ಉಳಿಯಿತು. ಆ ಬೀದಿಯಲ್ಲಿ ಮಿಸೆಸ್ ಕ್ರ್ಯಾಬ್‌ಟ್ರೀಗೆ ಮಾತು ನಿಂತದ್ದು ಅದೇ ಮೊದಲು. ಆಮೇಲೆ ಏಪ್ರನ್‌ನಿಂದ ಮೂಗು ಒರೆಸಿಕೊಂಡು, ಗುಡ್ಡದ ಆಚೆ ತಂಡ ಈಗ ಇರುವ ಊರಿನ ವಿಳಾಸ ಬರೆದುಕೊಟ್ಟಳು.

ಮೇವಿಸ್ ಮೂರು ಕಾಗದ ಬರೆದು ಹರಿದಳು. ನಾಲ್ಕನೆಯದರಲ್ಲಿ ಎರಡೇ ಸಾಲು.

"ತಟ್ಟೆ ಉಜ್ಜಿಲ್ಲ. ಭಾನುವಾರ ಹನ್ನೆರಡಕ್ಕೆ ಬನ್ನಿ."

* * *

ಭಾನುವಾರ ಹನ್ನೆರಡಾಯಿತು. ಹನ್ನೆರಡೂ ಕಾಲಾಯಿತು. ಬೀದಿ ಖಾಲಿ.

ತಟ್ಟೆಯಲ್ಲಿ ಕೊಬ್ಬು ಹೊಗೆಯಾಡುತ್ತಿತ್ತು. ಕುರ್ಚಿಯನ್ನು ತಾವಾಗಿಯೇ ಕೆಳಗೆ ತಂದಿದ್ದ ಅಪ್ಪ ಗಡಿಯಾರ ನೋಡಿ, ತುಟಿಯಲ್ಲೇ ಹೇಳಿದರು. 'ಹಾಕು, ಮಗಳೇ.'

'ಬರಲ್ಲ ಅವನು. ಅಷ್ಟು ಮಾತು ಅಂದವಳ ಮನೆಗೆ ಯಾಕೆ ಬರ್ತಾನೆ?' ಮೇವಿಸ್ ಹಿಟ್ಟು ಸುರಿದಳು. ಸುಂಯ್ ಎಂದಿತು. ಓವನ್ ಮುಚ್ಚಿದಳು. ಹಿತ್ತಲ ಬಾಗಿಲಿಗೆ ಅಗಳಿ ಹಾಕಿದಳು.

ಐದು ನಿಮಿಷವೂ ಆಗಿರಲಿಲ್ಲ...

ಟಕ್. ಟಕ್.

ಬಾಗಿಲ ಪಕ್ಕದ ಕಿಟಕಿಯ ಗಾಜಿನಾಚೆ ನೆವಿಲ್! ಮೊಣಕಾಲವರೆಗೆ ಕೆಸರು, ಗಾಳಿಗೆ ಕೆದರಿದ ಕೂದಲು. ಭಾನುವಾರ ಬೆಳಿಗ್ಗೆ ಬಸ್ಸಿಲ್ಲ. ಗುಡ್ಡ ಹತ್ತಿ ಇಳಿದು ಎಂಟು ಮೈಲಿ ನಡೆದಿದ್ದ.

ಅವಳ ಕೈ ಅಗಳಿಯವರೆಗೆ ಹೋಗಿ ನಿಂತಿತು.

ಅವನು ಅವಳ ಮುಖ ನೋಡಿದ, ಓವನ್ ನೋಡಿದ, ಅರ್ಥ ಮಾಡಿಕೊಂಡ. ಗಾಜಿನಾಚೆ ತುಟಿ ಆಡಿತು.

'ಒಳಗಿದೆಯಾ?'

ತಲ್ಲಣಿಸುತ್ತ ತಲೆಯಾಡಿಸಿದಳು.

'ಎಷ್ಟು ನಿಮಿಷ?'

'ಇಪ್ಪತ್ತು.'

'ಇರ್ಲಿ. ನಿಂತಿರ್ತೀನಿ.'

ನಡುವೆ ಒಂದು ಗಾಜು. ಇಬ್ಬರೂ ಮಗ್ಗದ ಮನೆಗಳವರು. ಸದ್ದಿಲ್ಲದ ಮಾತು ಇಬ್ಬರಿಗೂ ಗೊತ್ತಿತ್ತು.

'ಯಾಕೆ ಹೇಳ್ಲಿಲ್ಲ?' ಕೇಳಿದಳು.

'ಹೇಗೆ ಹೇಳ್ಲಿ? ಅಮ್ಮನಿಗೆ ಅಂತ ನಾನು ಮಾಡಿದ್ದು ಅದೊಂದೇ ಅಂದ್ರಿ.'

'ನಾನು ಅಷ್ಟು ಬೈದೆ...'

'ಬೈಸ್ಕೊಂಡ್ರೆ ತಟ್ಟೆ ವಿಷಯ ನಿಮಗೆ ಗೊತ್ತಾಗಲ್ಲ ಅಂದ್ಕೊಂಡೆ. ಅದೇ ವಾಸಿ ಅನ್ನಿಸ್ತು.'

ಮೇವಿಸ್ ತುಟಿ ಕಚ್ಚಿಕೊಂಡಳು. ತುಟಿ ಕಚ್ಚಿಕೊಂಡರೆ ಮಾತು ಬರುವುದಿಲ್ಲ, ಬಿಟ್ಟಳು.

'ಐದು ವಾರ... ಬರೀ ತಟ್ಟೆಗೋಸ್ಕರ ಬಂದ್ರಾ?'

ಅವನು ತಲೆ ತಗ್ಗಿಸಿದ. ಅವಳು ಗಾಜಿಗೆ ಬೆರಳಿನಿಂದ ಬಡಿದಳು. 'ಮುಖ ಎತ್ತಿ. ಕಾಣ್ತಿಲ್ಲ.'

'ಮೊದಲ ವಾರ ತಟ್ಟೆಗೆ.'

'ಆಮೇಲೆ?'

ಅವನು ಹೇಳಿದ. ಆದರೆ ಅವನ ಉಸಿರಿಗೆ, ಒಳಗಿನ ಹಬೆಗೆ ಗಾಜು ಮಂಜಾಗಿತ್ತು. ಅವಳು ಒಳಗಿನಿಂದ ತೋಳಿನಲ್ಲಿ ಒರೆಸಿದಳು, ಅವನು ಹೊರಗಿನಿಂದ. ಎರಡು ಕೈಗಳು ಒಂದೇ ಜಾಗದಲ್ಲಿ ನಿಂತವು.

'ಆಮೇಲೆ... ನಿನಗೆ.'

ನೀವು ಎಂಬುದು ಗುಡ್ಡದ ಆಚೆಯೇ ಉಳಿದಿತ್ತು.

"ಬಾಗಿಲು ತೆಗಿ," ಎಂದರು ಅಪ್ಪ ಹಿಂದಿನಿಂದ, ಜೋರಾಗಿ.

ಮೇವಿಸ್ ಗಾಬರಿಯಿಂದ ತಿರುಗಿದಳು. "ಅಪ್ಪಾ! ನೀವು..."

"ನಾನು ಕಿವುಡ ಕಣೇ, ಕುರುಡ ಅಲ್ಲ. ಎಲ್ಲಾ ಓದಿದೆ."

"ಇನ್ನೂ ಹನ್ನೊಂದು ನಿಮಿಷ ಇದೆ. ಕುಸಿದುಬಿಟ್ರೆ?"

"ನಿಮ್ಮಮ್ಮ ನನ್ನನ್ನೂ ಒಂದ್ಸಲ ಹೀಗೇ ನಿಲ್ಲಿಸಿದ್ಲು. ಮದುವೆ ಆಗ್ತೀಯಾ ಅಂತ ಕೇಳೋಕೆ ಬಂದಿದ್ದೆ, ಉಂಗುರ ಜೇಬಲ್ಲಿತ್ತು. ಇಪ್ಪತ್ತೈದು ನಿಮಿಷ ಚಳೀಲಿ ನಿಂತು ನಿಂತು ಧೈರ್ಯ ಉಡುಗಿ ವಾಪಸ್ ಹೋದೆ. ಮತ್ತೆ ಬರೋಕೆ ಒಂದು ವರ್ಷ ಬೇಕಾಯ್ತು." ಅಪ್ಪನ ದನಿ ಇಳಿಯಿತು. "ಕೊನೇ ತಿಂಗಳು ಮಲಗಿದ್ದಾಗ ಅದನ್ನೇ ಹೇಳ್ತಿದ್ಲು. ಆ ಒಂದು ವರ್ಷವೂ ಜೊತೆಗಿದ್ದಿದ್ರೆ ಅಂತ. ಪುಡ್ಡಿಂಗ್ ಮುಂದಿನ ವಾರವೂ ಮಾಡ್ಬಹುದು. ತೆಗಿ."

ಗಾಜಿನಾಚೆ ನೆವಿಲ್ ಎರಡೂ ಕೈ ಆಡಿಸುತ್ತಿದ್ದ. 'ಬೇಡ! ತೆಗೀಬೇಡ! ಐದು ವಾರದ ಕೆಲಸ!'

ಮೇವಿಸ್ ಅಗಳಿ ಸರಿಸಿದಳು.

ಗುಡ್ಡದ ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಅದರ ಜೊತೆ ಅವನೂ ಬಂದ. ಹೊಸ್ತಿಲ ಮೇಲೆ ಕೆಸರು ಬೂಟಿನಲ್ಲೇ ನಿಂತ. ಅವಳು ಅವನ ಕೋಟಿನ ಎದೆಗೆ ಹಣೆಯೊತ್ತಿದಳು. ಅಲ್ಲಿ ಅದೇ ವಾಸನೆ, ಗ್ಯಾಸು ಮತ್ತು ಕಾದ ಕೊಬ್ಬು.

"ಬಾಗಿಲಾದ್ರೂ ಹಾಕ್ರೋ," ಎಂದರು ಅಪ್ಪ.

ಹನ್ನೊಂದು ನಿಮಿಷ ಮೂವರೂ ಓವನ್ನಿನ ಮುಂದೆ ಕೂತರು.

ಗಡಿಯಾರ ಹೇಳಿದಾಗ ಮೇವಿಸ್ ತಟ್ಟೆಯನ್ನು ಹೊರತೆಗೆದಳು. ನಾಲ್ಕೂ ಅಂಚು ಚಿನ್ನದ ಬಣ್ಣದಲ್ಲಿ ತಟ್ಟೆಯಿಂದ ಮೇಲೆದ್ದು ನಿಂತಿದ್ದವು. ಬಾಗಿಲಿನ ಕಡೆಯ ಒಂದು ಮೂಲೆ ಮಾತ್ರ ಸ್ವಲ್ಪ ಬಾಗಿತ್ತು.

"ನಡುವೆ ತಗ್ಗಿದೆ," ಎಂದಳು ಕಳವಳದಿಂದ.

"ಇರ್ಬೇಕು," ಎಂದರು ಅಪ್ಪ. "ಗ್ರೇವಿ ಮತ್ತೆಲ್ಲಿ ನಿಲ್ಬೇಕು?"

ಬಾಗಿದ ಆ ಮೂಲೆಯನ್ನೇ ಅವರು ತಮ್ಮ ತಟ್ಟೆಗೆ ಹಾಕಿಸಿಕೊಂಡರು. ನಿಧಾನವಾಗಿ, ಕೊನೆಯ ತುಣುಕಿನವರೆಗೆ ತಿಂದರು. ಆಮೇಲೆ ತಟ್ಟೆ ಮುಂದೆ ಚಾಚಿದರು.

"ಇನ್ನೊಂದು ಚೂರು ಹಾಕು."

ಊಟವಾದ ಮೇಲೆ ನೆವಿಲ್ ಪಾತ್ರೆಗಳ ಪಕ್ಕ ಬಂದು ನಿಂತ. ಮೇವಿಸ್ ಹಳೆಯ ಪತ್ರಿಕೆಯ ಹಾಳೆ ಹರಿದು, ಮುದ್ದೆ ಮಾಡಿ, ಅಮ್ಮನ ತಟ್ಟೆಯನ್ನು ಮೆಲ್ಲಗೆ ಒರೆಸುತ್ತಿದ್ದಳು.

"ನೆವಿಲ್."

ಅವಳು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಹೂಂ?"

"ಮುಂದಿನ ಭಾನುವಾರ ಬೇಗ ಬಾ. ನಾನು ಅಗಳಿ ಹಾಕೋ ಮುಂಚೆ."

ಅವನು ದನಿಯಿಲ್ಲದೆ, ತುಟಿಯಲ್ಲೇ ಹೇಳಿದ. 'ಬರ್ತೀನಿ. ಪ್ರತಿ ಭಾನುವಾರ.'

ಅವಳು ತಟ್ಟೆಯಿಂದ ಕಣ್ಣೆತ್ತಿ ಅವನ ಮುಖವನ್ನೇ ನೋಡಿದಳು.

"ಇನ್ನೊಂದ್ಸಲ ಹೇಳು," ಎಂದಳು. "ಈಗ ಗಾಜು ಅಡ್ಡ ಇಲ್ಲ. ಕೇಳೋ ಹಾಗೆ ಹೇಳು."